ಶುಭ ಕೋರುವವರು

ನಮ್ಮ ಕಡೆಯ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗನ ಹತ್ತಿರ ಇರುವುದು ಒಂದೇ ನಮೂನೆ. ಮೇಲ್ಗಡೆ ಉರುಟು ಚೌಕಟ್ಟುಗಳಲ್ಲಿ ರಾಷ್ಟ್ರದ, ರಾಜ್ಯದ, ಜಿಲ್ಲೆಯ ನಾಯಕರ ಸಾಲು. ನಡುವೆ ವಿಷಯ. ಕೆಳಗೆ ಕೈಮುಗಿದು ನಿಂತ ಹತ್ತಿಪ್ಪತ್ತು ಮಂದಿ, ಅವರ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಶುಭ ಕೋರುವವರು’. ಬ್ರಹ್ಮಕಲಶಕ್ಕೂ ಅದೇ, ಶಾಸಕರ ಹುಟ್ಟುಹಬ್ಬಕ್ಕೂ ಅದೇ, ಕಂಬಳಕ್ಕೂ ಅದೇ, ಸೈನಿಕ ಸತ್ತರೂ ಅದೇ. ಅವಸರದಲ್ಲಿ ನಡುವಿನ ಚಿತ್ರ ಬದಲಾಗುತ್ತದೆ, ಕೆಳಗಿನ ಸಾಲು ಉಳಿದುಬಿಡುತ್ತದೆ. ಹಾಗಾಗಿ ಹೆದ್ದಾರಿಯ ಬದಿಯಲ್ಲಿ, ಮನೆ ಮಾಡಿನ ಎತ್ತರಕ್ಕೆ, ಪ್ರಾಣ ಕೊಟ್ಟ ಹುಡುಗನಿಗೆ ಊರಿನ ಮುಖಂಡರೆಲ್ಲ ಸೇರಿ ಶುಭ ಕೋರುತ್ತಿರುತ್ತಾರೆ. ಯಾರೂ ತಪ್ಪು ಹಿಡಿಯುವುದಿಲ್ಲ. ಫ್ಲೆಕ್ಸ್ ಓದುವವರು ಹೆಸರುಗಳನ್ನು ಮಾತ್ರ ಓದುತ್ತಾರೆ, ಅದೂ ತಮ್ಮದು ಇದೆಯೋ ಇಲ್ಲವೋ ನೋಡುವುದಕ್ಕೆ.

ಬ್ರಹ್ಮಾವರದಿಂದ ಒಳದಾರಿ ಹಿಡಿದು ಬಾರಕೂರಿಗೆ ಹೋದರೆ ಹಳೆಯ ಕಾಲದ ಫ್ಲೆಕ್ಸ್ ನೋಡಬಹುದು, ಅವನ್ನು ವೀರಗಲ್ಲು ಎನ್ನುತ್ತಾರೆ. ವೀರಗಲ್ಲಿಗೂ ಸಾಮಾನ್ಯವಾಗಿ ಮೂರೇ ಅಂತಸ್ತು. ಕೆಳಗೆ ಕಾಳಗ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಸತ್ತವನು ಕೆಳಗಿನಿಂದ ಮೇಲಕ್ಕೆ ಹೋಗುತ್ತಾನೆ. ನಮ್ಮ ಶಿಲ್ಪಿ ಈ ವಿನ್ಯಾಸವನ್ನು ಅಲ್ಪಸ್ವಲ್ಪ ಸುಧಾರಿಸಿದ್ದಾನೆ. ಕೈಲಾಸ ಈಗಾಗಲೇ ಭರ್ತಿಯಾಗಿದೆ, ಅಲ್ಲಿ ಪಕ್ಷದ ಹೈಕಮಾಂಡ್ ಕೂತಿದೆ. ಕಾಳಗದ ಅಂತಸ್ತಿನಲ್ಲಿ ಸ್ಥಳೀಯ ಘಟಕದ ಪದಾಧಿಕಾರಿಗಳಿದ್ದಾರೆ, ಮುಂದಿನ ಚುನಾವಣೆಯ ಟಿಕೆಟ್ಟಿಗೆ ಅಲ್ಲಿ ಕಾಳಗ ನಿಜವಾಗಿಯೂ ನಡೆದಿದೆ. ವೀರ ನಡುವೆ ಸಿಕ್ಕಿಬಿದ್ದಿದ್ದಾನೆ, ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರುಗಳನ್ನು ನಮ್ಮ ಸರ್ಕಾರ 2016ರಲ್ಲೇ ನಿಷೇಧಿಸಿದೆ. ದೇಶದ ಆಜ್ಞೆಯನ್ನು ತಲೆಯ ಮೇಲೆ ಹೊತ್ತು ಸತ್ತವನನ್ನು ಸರ್ಕಾರದ ಆಜ್ಞೆ ಮುರಿದು ನೆನೆಯುವುದರಲ್ಲಿ ಒಂದು ರೀತಿಯ ವೀರತ್ವ ಇದ್ದೇ ಇದೆ.

2024ರ ಡಿಸೆಂಬರ್ 24, ಮಂಗಳವಾರ. ಜಮ್ಮು-ಕಾಶ್ಮೀರದ ಪೂಂಛ್ ಜಿಲ್ಲೆಯ ಬಲ್ನೋಯಿ ಎಂಬಲ್ಲಿ, ನಿಯಂತ್ರಣ ರೇಖೆಯ ಹತ್ತಿರ, ಸೇನೆಯ ಗಾಡಿಯೊಂದು ಮುನ್ನೂರು ಅಡಿಯಷ್ಟು ಆಳದ ಕಮರಿಗೆ ಬಿತ್ತು. 11ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ ಐವರು ಸತ್ತರು. ಅವರಲ್ಲಿ ಮೂವರು ಕರ್ನಾಟಕದವರು: ಬೆಳಗಾವಿಯ ಸುಬೇದಾರ್ ದಯಾನಂದ ತಿರಕಣ್ಣವರ, ಬಾಗಲಕೋಟೆ ಜಿಲ್ಲೆಯ ಮಹೇಶ ಮರಿಗೊಂಡ, ನಮ್ಮ ಕುಂದಾಪುರದ ಬೀಜಾಡಿಯ ಅನೂಪ್ ಪೂಜಾರಿ. ಅನೂಪ್‌ಗೆ 33 ವರ್ಷ. ಬೀಜಾಡಿಯಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಸಂಸ್ಕಾರವಾಯಿತು. ಜನ ಬಂದರು, ಯಾರೂ ಕರೆಯದೆ ಬಂದರು. ಆ ಜನರ ಬಗ್ಗೆ ನನ್ನ ಹತ್ತಿರ ಒಂದು ವ್ಯಂಗ್ಯದ ಮಾತೂ ಇಲ್ಲ. ಸಾವಿನ ಮನೆಗೆ ಬರುವವರು ನಮ್ಮ ಕಡೆ ಬರುವುದೇ ಹಾಗೆ, ಬೈರಾಸು ಹೆಗಲಿಗೆ ಹಾಕಿಕೊಂಡು, ಮಾತಾಡದೆ, ಅಂಗಳದ ಬದಿಗೆ ನಿಂತು. ನನ್ನ ಮಾತೇನಿದ್ದರೂ ಹದಿಮೂರನೆಯ ದಿನದ ನಂತರ ಬರುವವರ ಬಗ್ಗೆ. ಬೀಜಾಡಿಯವರ ಬಗ್ಗೆ ಮಾತ್ರವಲ್ಲ, ಎಲ್ಲ ಊರಿನವರ ಬಗ್ಗೆ.

ಅದಕ್ಕೂ ಮೊದಲು ಗೂಡಂಗಡಿ. ಇಂಥ ಸುದ್ದಿ ಬಂದ ಬೆಳಿಗ್ಗೆ ನಮ್ಮ ಗೂಡಂಗಡಿಗಳಲ್ಲಿ ಸೇನಾ ಮುಖ್ಯಾಲಯದ ಶಾಖೆ ತೆರೆದುಕೊಳ್ಳುತ್ತದೆ.

‘ಎಂತ ಮಾರಾಯ್ರೆ, ಗುಂಡ್ ತಾಗಿ ಹೋದದ್ದಾ, ಗಾಡಿ ಬಿದ್ದ್ ಹೋದದ್ದಾ?’

‘ಗಾಡಿ ಬಿದ್ದದ್ದ್ ಅಂಬ್ರ್.’

‘ಹಂಗಾರೆ ಚಕ್ರ ಸಿಕ್ಕುದಿಲ್ಲ ಅಲ್ದಾ?’

ಸತ್ತವನು ಎಷ್ಟನೇ ದರ್ಜೆಯಲ್ಲಿ ಸತ್ತ ಎಂದು ತೀರ್ಮಾನವಾಗುವವರೆಗೆ ನಮಗೆ ಚಾ ಇಳಿಯುವುದಿಲ್ಲ. ಹೇಳುವುದಿದ್ದರೆ, ಸೇನೆಯ ದಫ್ತರಿನಲ್ಲೂ ಎರಡು ಕಾಲಮ್ಮು ಇವೆ, ಬ್ಯಾಟಲ್ ಕ್ಯಾಶುವಲ್ಟಿ ಒಂದು, ಫಿಸಿಕಲ್ ಕ್ಯಾಶುವಲ್ಟಿ ಇನ್ನೊಂದು. ಮನೆಯವರಿಗೆ ಬರುವ ಪಿಂಚಣಿ, ಪರಿಹಾರಗಳೆಲ್ಲ ಯಾವ ಕಾಲಮ್ಮು ಎಂಬುದರ ಮೇಲೆ ನಿಂತಿರುತ್ತವೆ. ದಫ್ತರಿಗೆ ಅದರ ಅಗತ್ಯವಿದೆ, ಲೆಕ್ಕ ಪರಿಶೋಧಕರು ಬರುತ್ತಾರೆ. ಗೂಡಂಗಡಿಗೆ ಯಾವ ಪರಿಶೋಧಕರು ಬರುತ್ತಾರೋ ಗೊತ್ತಿಲ್ಲ. ಗುಂಡು ತಾಗಿದರೆ ಸರ್ಕಲ್, ಗಾಡಿ ಬಿದ್ದರೆ ಬಸ್ ಸ್ಟ್ಯಾಂಡಿನ ತಂಗುದಾಣ, ಕಾಯಿಲೆಯಿಂದ ಸತ್ತರೆ ವಾಟ್ಸ್‌ಆ್ಯಪ್ ಸ್ಟೇಟಸ್ ಎಂಬ ಒಂದು ಬೆಲೆಪಟ್ಟಿ ಅಲ್ಲಿ ತೂಗುಹಾಕಿದಂತೆ ನನಗೆ ಯಾವಾಗಲೂ ಕಾಣುತ್ತದೆ. ಪೂಂಛಿನ ರಸ್ತೆ ಹೇಗಿದೆ, ಡಿಸೆಂಬರ್ ಸಂಜೆ ಆ ಕಡಿದಾದ ದಾರಿಯಲ್ಲಿ ಪೋಸ್ಟಿಗೆ ಆಳು ಸಾಗಿಸುವುದೆಂದರೆ ಏನು ಎಂದು ಒಬ್ಬರೂ ಕೇಳುವುದಿಲ್ಲ. ನಮಗೆ ಗುಂಡು ಬೇಕು, ಕಮರಿ ಬೇಡ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಹೆದ್ದಾರಿಯಲ್ಲಿ ದಿನಾ ಬೈಕಿನವರು ಬೀಳುವುದನ್ನು ನೋಡಿ ನೋಡಿ ಗಾಡಿಯಲ್ಲಿ ಸಾಯುವುದು ನಮಗೆ ಸಾವಿನ ಹಾಗೆಯೇ ಕಾಣಿಸದೆ ಇರಬಹುದು.

ಮತ್ತೆ ಬರುತ್ತದೆ ಶ್ರದ್ಧಾಂಜಲಿ ಸಭೆ. ಒಂದಲ್ಲ. 2018ರಲ್ಲಿ ಕುಂದಾಪುರ ತಾಲೂಕಿನಿಂದ ಬೈಂದೂರು, ಉಡುಪಿ ತಾಲೂಕಿನಿಂದ ಬ್ರಹ್ಮಾವರ ಬೇರೆಯಾದ ಮೇಲೆ ದುಃಖಕ್ಕೂ ಮೂರು ತಹಶೀಲ್ದಾರರ ವ್ಯಾಪ್ತಿ ಬಂದಿದೆ. ಹುಟ್ಟಿದ ಮನೆ ಒಂದು ತಾಲೂಕು, ಕಲಿತ ಶಾಲೆ ಇನ್ನೊಂದು, ಹೆಂಡತಿಯ ಮನೆ ಮತ್ತೊಂದು ಎಂದಾದರೆ ಸತ್ತವನಿಗೆ ಮೂರು ಕಡೆ ‘ನಮ್ಮೂರಿನ ಹೆಮ್ಮೆಯ ಪುತ್ರ’ನಾಗುವ ಭಾಗ್ಯ. ಬದುಕಿದ್ದಾಗ ಎರಡು ತಿಂಗಳ ರಜೆಗೆ ಬಂದವನ ರೇಷನ್ ಕಾರ್ಡ್ ತಿದ್ದುಪಡಿಗೆ ಈ ಮೂರರಲ್ಲಿ ಯಾವ ಕಚೇರಿ ಎಂದು ಹೇಳುವವರಿರಲಿಲ್ಲ.

ಸಭೆಯಲ್ಲಿ ಒಂದು ನಿಮಿಷದ ಮೌನ ಇದೆ. ಅದು ಅರ್ಧ ನಿಮಿಷಕ್ಕೆ ಮುಗಿಯುತ್ತದೆ, ಯಾರದೋ ಫೋನು ಬಡಿದುಕೊಳ್ಳುವುದರಿಂದ ಮುಗಿಸಬೇಕಾಗುತ್ತದೆ. ಬಳಿಕ ಮಾತು, ಅದಕ್ಕೆ ಅಂಥ ಮಿತಿಯಿಲ್ಲ. ಮೊದಲ ಭಾಷಣಕಾರರು ಸೈನಿಕರು ಹಿಮದಲ್ಲಿ ನಿಂತಿರುವುದರಿಂದ ನಾವು ನೆಮ್ಮದಿಯಾಗಿ ನಿದ್ದೆ ಮಾಡುತ್ತೇವೆ ಎನ್ನುತ್ತಾರೆ. ಎರಡನೆಯವರೂ ಅದನ್ನೇ ಹೇಳುತ್ತಾರೆ. ಮೂರನೆಯವರು ಹೇಳುವ ಹೊತ್ತಿಗೆ ಎದುರಿನ ಸಾಲು ಅದನ್ನು ಕಾರ್ಯರೂಪಕ್ಕೆ ತಂದಿರುತ್ತದೆ. ಈ ನಿದ್ದೆಯ ಪ್ರಸ್ತಾಪ ಇಲ್ಲದ ದೇಶಭಕ್ತಿಯ ಭಾಷಣ ನಾನು ಕೇಳಿಲ್ಲ. ನಮ್ಮ ರಾಷ್ಟ್ರೀಯ ಭದ್ರತೆಯ ಮುಖ್ಯ ಗುರಿ ಕುಂದಾಪುರದವರ ನಿದ್ದೆಯೇ ಇರಬೇಕು.

ವೇದಿಕೆಯ ಬದಿಯಲ್ಲಿ ಮಾಜಿ ಸೈನಿಕರನ್ನು ಪದಕಗಳೊಂದಿಗೆ ನಿಲ್ಲಿಸುವ ಪದ್ಧತಿ ಇದೆ. ‘ಯೂನಿಫಾರ್ಮ್ ಹಾಕ್ಕಂಡ್ ಬನ್ನಿ ಅಣ್ಣಾ, ಫೋಟೊಕ್ಕೆ ಚಂದ ಆತ್ತ್’ ಎಂದು ಹಿಂದಿನ ದಿನವೇ ಫೋನು ಹೋಗಿರುತ್ತದೆ. ಅವರು ಬರುತ್ತಾರೆ, ಸೆಟೆದು ನಿಲ್ಲುತ್ತಾರೆ, ಎರಡು ಗಂಟೆ ಅಲುಗುವುದಿಲ್ಲ. ಅವರ ಕೈಗೆ ಮೈಕು ಕೊಡುವುದಿಲ್ಲ. ಕೊಟ್ಟರೆ ಅವರು ಕ್ಯಾಂಟೀನು ಕಾರ್ಡಿನ ಕಥೆ, ಆಸ್ಪತ್ರೆಯ ರೆಫರಲ್ಲಿನ ಕಥೆ, ಪಿಂಚಣಿಯ ಬಾಕಿಯ ಕಥೆ ತೆಗೆದುಬಿಡುತ್ತಾರೆ, ಕಾರ್ಯಕ್ರಮದ ಗಾಂಭೀರ್ಯ ಕೆಡುತ್ತದೆ.

ನಮಗೆ ವೀರಮರಣ ಹೊಸತಲ್ಲ ಎನ್ನುವುದೂ ಇಲ್ಲಿ ಲೆಕ್ಕಕ್ಕೆ ಬರಬೇಕು. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆಯ ಮೇಳಗಳು ದೀಪಾವಳಿ ಕಳೆದು ಹೊರಟರೆ ಮಳೆ ಹಿಡಿಯುವವರೆಗೆ ಯಾವುದಾದರೊಂದು ಗದ್ದೆಯಲ್ಲಿ ಅಭಿಮನ್ಯು ಚಕ್ರವ್ಯೂಹ ಹೊಕ್ಕು ಸಾಯುತ್ತಲೇ ಇರುತ್ತಾನೆ. ಬೆಳಗಿನ ಜಾವದ ಚಂಡೆಗೆ ಅವನು ತಿರುಗುವುದನ್ನು ನೋಡಿ ಅಳದವರಿಲ್ಲ. ಬಣ್ಣ ಕಳಚಿದ ಮೇಲೆ ಅಭಿಮನ್ಯು ಎದ್ದು ಇಡ್ಲಿ ತಿಂದು ಮುಂದಿನ ಊರಿನ ಬಸ್ಸು ಹಿಡಿಯುತ್ತಾನೆ ಎಂಬ ಅನುಕೂಲ ಇರುವುದರಿಂದಲೇ ನಮಗೆ ಆ ಸಾವು ಅಷ್ಟು ಇಷ್ಟ. ಪೂಂಛಿನಿಂದ ಬಂದ ಪೆಟ್ಟಿಗೆಗೂ ನಾವು ಅದೇ ಭಾವದಲ್ಲಿ ಚಪ್ಪಾಳೆ ತಟ್ಟುತ್ತೇವೆ.

ಇಷ್ಟು ದೇಶಭಕ್ತಿ ಇರುವ ಊರಿನಲ್ಲಿ ಸೈನಿಕರು ಮಾತ್ರ ಎಲ್ಲಿಂದ ಬರುತ್ತಾರೆ? ಪಕ್ಕದ ಮನೆಯಿಂದ. ನಮ್ಮ ಕಡೆಯ ಮಕ್ಕಳಿಗೆ ದಾರಿಗಳು ಹುಟ್ಟುವ ಮೊದಲೇ ಕಡಿದಿಟ್ಟಿವೆ: ಮುಂಬಯಿಯ ಹೋಟೆಲು, ಬೆಂಗಳೂರಿನ ಬೇಕರಿ, ಕೊಲ್ಲಿಯ ವೀಸಾ, ಬ್ಯಾಂಕು, ಈಗ ಸಾಫ್ಟ್‌ವೇರು. ಕೊಡಗಿನಲ್ಲಿ ಮನೆಗೊಬ್ಬ ಸೇನೆಗೆ ಹೋದರೆ ಅದು ಮಾಮೂಲು, ನಮ್ಮಲ್ಲಿ ಊರಿಗೊಬ್ಬ ಹೋದರೆ ಸುದ್ದಿ. ಸಭೆಯಲ್ಲಿ ‘ಪ್ರತಿ ತಾಯಿಯೂ ಇಂಥ ಮಗನನ್ನು ಹೆರಬೇಕು’ ಎಂದು ಗುಡುಗಿದವರು ಇಳಿದು ಬಂದು ಕಾರಿನ ಬಾಗಿಲು ತೆಗೆಯುವಾಗ ಕೇಳಿ ನೋಡಿ.

‘ನಿಮ್ಮ ಮಾಣಿ ಎಂತ ಮಾಡ್ತ ಈಗ?’

‘ಮಿಲಿಟ್ರಿಗ್ ಹೋತೆ ಅಂದಿದ್ದ ಮಾರಾಯ್ರೆ. ಒಬ್ನೇ ಮಗ ಅಲ್ದಾ, ಅವ್ನ್ ಅಬ್ಬಿ ಬಿಡ್ಲಿಲ್ಲ. ಈಗ ಕೆನಡಾದಗಿತ್ತ.’

ದೇಶ ಎಲ್ಲರದು, ಒಬ್ಬನೇ ಮಗ ಮಾತ್ರ ನಮ್ಮದು. 2022ರ ಜೂನಿನಲ್ಲಿ ಅಗ್ನಿಪಥ ಬಂದಾಗ ಇಂಥ ತಂದೆಯರೇ ಮುಂದೆ ನಿಂತು ಅದನ್ನು ಹೊಗಳಿದರು. ಹದಿನೇಳೂವರೆಯಿಂದ ಇಪ್ಪತ್ತೊಂದರ ಹುಡುಗರಿಗೆ ನಾಲ್ಕು ವರ್ಷದ ಸೇವೆ, ಆಮೇಲೆ ನೂರಕ್ಕೆ ಇಪ್ಪತ್ತೈದು ಮಂದಿಗೆ ಮುಂದುವರಿಕೆ, ಉಳಿದವರಿಗೆ ಒಂದು ಗಂಟು ಹಣ, ಪಿಂಚಣಿ ಇಲ್ಲ. ಶಿಸ್ತು ಬರುತ್ತದೆ ಎಂದು ಅವರು ಹೇಳಿದ್ದು ಸುಳ್ಳಲ್ಲ. ಯಾರ ಮನೆಯ ಹುಡುಗರಿಗೆ ಬರುತ್ತದೆ ಎಂಬುದನ್ನಷ್ಟೇ ಹೇಳಲಿಲ್ಲ.

ಪೂಂಛ್ ಭಾರತದೊಳಗೇ ಇದೆ. ಘಟ್ಟ ಹತ್ತಿದರೇ ಪರದೇಶ ಎನ್ನುವ ನಮಗೆ ಅದು ಬಹಳ ದೂರ, ಆದರೂ ಅಲ್ಲಿ ಹಾರುವುದು ನಮ್ಮದೇ ಬಾವುಟ, ಹಾಗಾಗಿ ಸತ್ತವನ ಮೇಲೆ ಹೊದಿಸಲು ಬಟ್ಟೆ ಇರುತ್ತದೆ. ನಿಜವಾಗಿ ಕಡಲಾಚೆ ಸತ್ತವರ ಗತಿ ನೋಡಿದರೆ ನಮ್ಮ ಸ್ಮರಣೆಯ ವೈಭವ ಪೂರ್ತಿ ಕಾಣುತ್ತದೆ.

ಅನೂಪ್ ಇದ್ದ ರೆಜಿಮೆಂಟನ್ನೇ ತೆಗೆದುಕೊಳ್ಳಿ. ಬೆಳಗಾವಿಯಲ್ಲಿ ಅದರ ಕೇಂದ್ರ ಇದೆ, ಕನ್ನಡದ ಹುಡುಗರು ತಲೆಮಾರುಗಳಿಂದ ಅದಕ್ಕೆ ಸೇರುತ್ತಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಅದರ ಒಂದು ಪಟಾಲಂ ಇಟಲಿಯಲ್ಲಿತ್ತು. 1944ರ ಜುಲೈ 10ರಂದು, ಟೈಬರ್ ನದಿಯ ಮೇಲ್ಕಣಿವೆಯಲ್ಲಿ, ಯಶವಂತ ಘಾಡ್ಗೆ ಎಂಬ ನಾಯಕನ ತುಕಡಿಯ ಮೇಲೆ ಮಷಿನ್‌ಗನ್ ಗುಂಡಿನ ಮಳೆ ಸುರಿದು ಅವನೊಬ್ಬನನ್ನು ಬಿಟ್ಟು ಎಲ್ಲರೂ ಸತ್ತರು, ಇಲ್ಲವೇ ಬಿದ್ದರು. ಅವನು ಒಬ್ಬನೇ ನುಗ್ಗಿ ಗ್ರೆನೇಡು ಎಸೆದು, ಗುಂಡು ಹೊಡೆದು, ಮರುಗುಂಡು ತುಂಬಲು ಹೊತ್ತಿಲ್ಲದೆ ಉಳಿದಿಬ್ಬರನ್ನು ಬಂದೂಕಿನ ಹಿಡಿಯಿಂದಲೇ ಬಡಿದು, ಆ ಜಾಗ ಹಿಡಿದು, ಅಲ್ಲೇ ಮರೆಯಲ್ಲಿದ್ದ ಶತ್ರುಗಳ ಗುಂಡಿಗೆ ಸತ್ತ. ವಯಸ್ಸು 22. ವಿಕ್ಟೋರಿಯಾ ಕ್ರಾಸ್ ಬಂತು, ಶವ ಸಿಗಲಿಲ್ಲ. ಇಟಲಿಯ ಮೊಂಟೋನೆ ಎಂಬ ಸಣ್ಣ ಊರಿನವರು 2023ರ ಜುಲೈನಲ್ಲಿ ಅವನ ಹೆಸರಿನಲ್ಲಿ ಒಂದು ಸ್ಮಾರಕ ಮಾಡಿದರು. ಏನೆಂದರೆ ಒಂದು ನೆರಳು ಗಡಿಯಾರ. ಇಟಲಿಯಲ್ಲಿ ಸತ್ತ ಭಾರತೀಯ ಸೈನಿಕರು 5,782. ಅವರಿಗೂ ಆ ಊರಿಗೂ ನೆಂಟಸ್ತಿಕೆ ಇಲ್ಲ, ಅವರಿಗೆ ಅಲ್ಲಿ ಓಟೂ ಇಲ್ಲ.

ಆ ಗಡಿಯಾರಕ್ಕೆ ಕೆಲಸ ಮಾಡಲು ಬಿಸಿಲು ಬೇಕು. ನಮ್ಮ ಫ್ಲೆಕ್ಸಿಗೆ ಬಿಸಿಲು ತಾಗಿದರೆ ಮೊದಲು ಕೆಂಪು ಹೋಗುತ್ತದೆ, ಆಮೇಲೆ ಹಳದಿ, ಮೂರು ತಿಂಗಳಿಗೆ ಎಲ್ಲ ನಾಯಕರೂ ನೀಲಮೇಘಶ್ಯಾಮರಾಗುತ್ತಾರೆ. ಆಮೇಲೆ ಅದು ಯಾರದೋ ಕಟ್ಟಿಗೆ ರಾಶಿಗೆ ಮಳೆಗಾಲದ ಹೊದಿಕೆ. ಇದೊಂದೇ ಅದರ ಸಾರ್ಥಕ ಸೇವೆ ಎಂದು ನನ್ನ ಅಭಿಪ್ರಾಯ.

ಪೂಂಛಿನ ಕಮರಿಯಲ್ಲಿ ಅನೂಪ್ ಜೊತೆ ಸತ್ತ ನಾಲ್ವರಲ್ಲಿ ಸತಾರಾದ ಒಬ್ಬ ತರುಣನ ಅಡ್ಡಹೆಸರೂ ಘಾಡ್ಗೆ. ಎಂಬತ್ತು ವರ್ಷದ ಅಂತರದಲ್ಲಿ ಒಂದೇ ರೆಜಿಮೆಂಟಿನ ಇಬ್ಬರು ಘಾಡ್ಗೆಗಳು. ಮೊಂಟೋನೆಯವರಿಗೆ ಅವರವನ ಹೆಸರು ಗೊತ್ತು. ಬಲ್ನೋಯಿಯಲ್ಲಿ ಸತ್ತ ಐವರ ಹೆಸರನ್ನು ಈಗ ಯಾರಾದರೂ ಒಬ್ಬ ಭಾಷಣಕಾರರಿಗೆ ಚೀಟಿ ನೋಡದೆ ಹೇಳಲು ಹೇಳಿ ನೋಡಿ.

ಹೆಸರಿನ ವಿಷಯದಲ್ಲಿ ಬ್ರಿಟಿಷರು ನಮಗಿಂತ ನೇರ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ ಸತ್ತವರಿಗೆ ಬಸ್ರಾದಲ್ಲಿ ದೊಡ್ಡ ಸ್ಮಾರಕ ಕಟ್ಟಿದರು. ಬ್ರಿಟಿಷ್ ಸೈನಿಕರ ಹೆಸರು ಒಬ್ಬೊಬ್ಬರದಾಗಿ ಕೆತ್ತಿದರು, ಭಾರತೀಯ ಅಧಿಕಾರಿಗಳ ಹೆಸರೂ ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗಳಿಗೆ ಮಾತ್ರ ರೆಜಿಮೆಂಟಿನ ಹೆಸರಿನ ಕೆಳಗೆ ಒಂದು ಸಂಖ್ಯೆ. ಇಷ್ಟು ಮಂದಿ, ಅಷ್ಟೆ. ಆ ಯುದ್ಧದಲ್ಲಿ ಸತ್ತ ಭಾರತೀಯರು ಸುಮಾರು 74,000. ದೆಹಲಿಯ ಇಂಡಿಯಾ ಗೇಟಿನ ಮೇಲೆ ಇರುವ ಹೆಸರು ಹದಿಮೂರು ಸಾವಿರ ಚಿಲ್ಲರೆ. ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಸಮಾಧಿ ಆಯೋಗ 2021ರಲ್ಲಿ, ನೂರು ವರ್ಷ ಕಳೆದ ಮೇಲೆ, ಇದರ ಹಿಂದೆ ಜನಾಂಗ ಭೇದ ಕೆಲಸ ಮಾಡಿದೆ ಎಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಸಿಪಾಯಿಯ ಹೆಸರು ಬರೆಯಲು ಜಾಗ ಸಾಲಲಿಲ್ಲ ಎಂಬ ಸಮಸ್ಯೆಯನ್ನು ನಾವಂತೂ ಚೆನ್ನಾಗಿ ಅರ್ಥಮಾಡಿಕೊಳ್ಳಬಹುದು. ನಮ್ಮ ಫಲಕಗಳಲ್ಲೂ ಉದ್ಘಾಟಕರು, ಅಧ್ಯಕ್ಷತೆ, ಗೌರವ ಉಪಸ್ಥಿತಿ, ಗುತ್ತಿಗೆದಾರರ ಹೆಸರು ಬರೆದ ಮೇಲೆ ಎಷ್ಟು ಜಾಗ ಉಳಿಯುತ್ತದೆ ಹೇಳಿ.

ಮೈಸೂರು ಲಾನ್ಸರ್‌ಗಳದು ಇನ್ನೊಂದು ಕಥೆ. 1918ರ ಸೆಪ್ಟೆಂಬರ್ 23ರಂದು ಇವತ್ತಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಜೋಧಪುರ ಮತ್ತು ಮೈಸೂರಿನ ಕುದುರೆ ಸವಾರರು ಭರ್ಜಿ ಹಿಡಿದು ಗೆದ್ದರು, ಎದುರಿಗೆ ತುರ್ಕರ ಮಷಿನ್‌ಗನ್ನುಗಳಿದ್ದವು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರಿನ ಸವಾರರವು. ಎಷ್ಟೋ ವರ್ಷ ಆ ಹೆಸರು ಕೇಳಿದರೆ ಜನರಿಗೆ ನೆಹರೂ ಮನೆ ನೆನಪಾಗುತ್ತಿತ್ತು. 2018ರ ಜನವರಿಯಲ್ಲಿ ಇಸ್ರೇಲಿನ ಪ್ರಧಾನಿ ಬಂದರು, ವೃತ್ತಕ್ಕೆ ಹೈಫಾ ಹೆಸರು ಸೇರಿತು, ಒಮ್ಮೆಲೇ ನಮಗೆ ನಮ್ಮ ಸೈನಿಕರ ನೆನಪಾಯಿತು. ಬೆಂಗಳೂರಿನ ಜೆ.ಸಿ. ನಗರದ ಹತ್ತಿರ ಲಾನ್ಸರ್‌ಗಳ ಸ್ತಂಭ ಇದೆ. ಬೆಂಗಳೂರಿನಲ್ಲಿ ಬೇಕರಿ ಇಟ್ಟ ನಮ್ಮ ಕಡೆಯವರು ಅದರ ಎದುರು ಸ್ಕೂಟರ್ ನಿಲ್ಲಿಸಿರುವ ಸಾಧ್ಯತೆ ಇದೆ. ಕುಂದಾಪುರ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರು ಮಹಾರಾಜರ ಸೈನ್ಯದ ಹೊಣೆ ನಮಗಿಲ್ಲ ಎಂದು ತಪ್ಪಿಸಿಕೊಳ್ಳಬಹುದು, ಅದಕ್ಕೂ ದಾರಿ ಇದೆ.

ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ್ದು ಶ್ರೀಲಂಕಾ. ಅಲ್ಲಿಗೆ ಕಳಿಸಿದ್ದು ಬ್ರಿಟಿಷರಲ್ಲ, ಮಹಾರಾಜರಲ್ಲ, ನಾವು ಆರಿಸಿದ ಸರ್ಕಾರ. 1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿಯವರೂ ಅಧ್ಯಕ್ಷ ಜಯವರ್ಧನೆಯವರೂ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ಗೌರವ ವಂದನೆ ಸ್ವೀಕರಿಸುತ್ತಿದ್ದ ರಾಜೀವರ ಮೇಲೆ ಅಲ್ಲಿನ ನಾವಿಕನೊಬ್ಬ ಬಂದೂಕು ತಿರುಗಿಸಿ ಹಿಡಿಯಿಂದ ಬೀಸಿದ. ಶಾಂತಿಪಾಲನೆ ಹೇಗೆ ನಡೆದೀತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮುನ್ನುಡಿ ಬೇಕಿರಲಿಲ್ಲ. ತಮಿಳರನ್ನು ಕಾಯಲೆಂದು ಹೋದ ಸೈನ್ಯ ಅಕ್ಟೋಬರ್ ಹೊತ್ತಿಗೆ ತಮಿಳು ಹುಲಿಗಳ ಜೊತೆ ಕಾದಾಡುತ್ತಿತ್ತು. ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ನಡುರಾತ್ರಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಮಂದಿಯಲ್ಲಿ 29 ಜನ ಬೆಳಗಾಗಿ ಮುಗಿಯುವುದರೊಳಗೆ ಸತ್ತಿದ್ದರು, ಒಬ್ಬ ಸೆರೆಸಿಕ್ಕ. ಎರಡೂವರೆ ವರ್ಷದಲ್ಲಿ ಸುಮಾರು 1,200 ಭಾರತೀಯ ಸೈನಿಕರು ಹೋದರು. ಅಷ್ಟರಲ್ಲಿ ಕೊಲಂಬೊದಲ್ಲಿ ಅಧ್ಯಕ್ಷರು ಬದಲಾಗಿ, ಹೊಸ ಅಧ್ಯಕ್ಷ ಪ್ರೇಮದಾಸರು ಹುಲಿಗಳ ಜೊತೆ ಮಾತಿಗೆ ಕೂತು, ನಮ್ಮವರಿಗೆ ಹೊರಡಿ ಎಂದರು. ದೆಹಲಿಯಲ್ಲಿ ಸರ್ಕಾರವೇ ಬದಲಾಯಿತು. 1990ರ ಮಾರ್ಚ್ 24ಕ್ಕೆ ಕೊನೆಯ ತುಕಡಿ ಹಡಗು ಹತ್ತಿತು. ಮದ್ರಾಸ್ ಬಂದರಿನಲ್ಲಿ ಅವರನ್ನು ಎದುರುಗೊಳ್ಳಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ.

ಆ ಸೈನಿಕರು ಯಾರ ಶತ್ರುಗಳೋ ಯಾರ ಮಿತ್ರರೋ ಅವರಿಗೇ ತಿಳಿಯದ ಹಾಗೆ ಸತ್ತರು. ಅವರ ಫೋಟೊ ಹಾಕಿದರೆ ಯಾವ ಪಕ್ಷಕ್ಕೂ ಲಾಭವಿಲ್ಲ. ಕಳಿಸಿದವರಿಗೆ ಮುಜುಗರ, ವಾಪಸು ಕರೆಸಿದವರಿಗೆ ಮುಜುಗರ, ವಿರೋಧಿಸಿದವರಿಗೆ ನೆನಪೇ ಇಲ್ಲ. ಹಾಗಾಗಿ ಅವರ ಹೆಸರಿನಲ್ಲಿ ನಮ್ಮ ಕಡೆ ಒಂದು ಬಸ್ ತಂಗುದಾಣ ಇರುವುದೂ ನನಗೆ ಕಂಡಿಲ್ಲ. ನಮ್ಮವರನ್ನು ಹೊರಡಿ ಎಂದ ಶ್ರೀಲಂಕಾವೇ ಅವರ ಸಂಸತ್ತಿನ ಬಳಿ ಆ ಭಾರತೀಯ ಸೈನಿಕರ ಹೆಸರು ಕೆತ್ತಿಸಿ ಸ್ಮಾರಕ ಕಟ್ಟಿತು. ನಮ್ಮ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾದದ್ದು 2019ರ ಫೆಬ್ರವರಿ 25ರಂದು. ಸ್ವಾತಂತ್ರ್ಯ ಬಂದು ಎಪ್ಪತ್ತೊಂದು ವರ್ಷವಾದ ಮೇಲೆ. ಅದುವರೆಗೆ ನಾವು ಬ್ರಿಟಿಷರು ಕಟ್ಟಿದ ಗೇಟಿನ ಕೆಳಗೆ ದೀಪ ಹಚ್ಚಿ ಹೊಂದಿಸಿಕೊಂಡಿದ್ದೆವು.

ವಿಶ್ವಸಂಸ್ಥೆಯ ನೀಲಿ ಟೊಪ್ಪಿ ಹಾಕಿಕೊಂಡು ಸತ್ತವರಲ್ಲಿ ಅತಿ ಹೆಚ್ಚು ಮಂದಿ ಭಾರತದವರೇ, ಹತ್ತಿರ ಹತ್ತಿರ 180. ಕೊಡಗಿನ ಜನರಲ್ ತಿಮ್ಮಯ್ಯ ಸೈಪ್ರಸ್‌ನಲ್ಲಿ ಆ ಪಡೆಯ ಮುಖ್ಯಸ್ಥರಾಗಿದ್ದಾಗಲೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ಸೈಪ್ರಸ್ ಮರುವರ್ಷವೇ ಅವರ ಅಂಚೆಚೀಟಿ ತಂದಿತು, ಲಾರ್ನಾಕಾ ಪಟ್ಟಣದ ರಸ್ತೆಗೆ ಅವರ ಹೆಸರಿಟ್ಟಿತು. ಆ ರಸ್ತೆಗೆ ಹೆಸರಿಟ್ಟವರು ಯಾರು ಎಂದು ಅಲ್ಲಿ ಫಲಕ ಇದೆಯೋ ಇಲ್ಲವೋ ಗೊತ್ತಿಲ್ಲ. ನಮ್ಮಲ್ಲಾದರೆ ಅದೇ ಮೊದಲು ಕಾಣುತ್ತಿತ್ತು.

ಹೆಸರಿಡುವ ವಿಷಯ ಬಂದರೆ ಕುಂದಾಪುರಕ್ಕೆ ಒಳ್ಳೆಯ ಅನುಭವ ಇದೆ. ಊರಿನ ಮುಖ್ಯ ಸರ್ಕಲ್ ಶಾಸ್ತ್ರಿಯವರ ಹೆಸರಿನಲ್ಲಿದೆ, ಜವಾನನಿಗೂ ಕಿಸಾನನಿಗೂ ಜೈ ಎಂದ ಲಾಲ್ ಬಹಾದ್ದೂರ್ ಶಾಸ್ತ್ರಿ, ಅವರು ಸತ್ತದ್ದೂ ಕಡಲಾಚೆ ಅಲ್ಲದಿದ್ದರೂ ಪರದೇಶದಲ್ಲೇ, ತಾಷ್ಕೆಂಟಿನಲ್ಲಿ. ಆ ಸರ್ಕಲ್ಲಿನ ಮೇಲೆ ಹೆದ್ದಾರಿ ಇಲಾಖೆ ಒಂದು ಫ್ಲೈಓವರ್ ಕಟ್ಟಲು ಹೊರಟು ಎಷ್ಟು ವರ್ಷ ತೆಗೆದುಕೊಂಡಿತೆಂದರೆ, ಕಾಮಗಾರಿ ಶುರುವಾದಾಗ ಅಂಗನವಾಡಿಯಲ್ಲಿದ್ದ ಮಕ್ಕಳು ಹೈಸ್ಕೂಲಿನಿಂದ ಬರುವಾಗಲೂ ಅದೇ ಹೊಂಡ ಹಾರಿ ಬಂದರು. ಜೈ ಜವಾನ್ ಎಂದವರ ಹೆಸರಿನ ಕೆಳಗೆ ಈಗ ಜವಾನರೂ ಕಿಸಾನರೂ ಸರ್ವಿಸ್ ರೋಡಿನಲ್ಲಿ ಬಸ್ಸು ಕಾಯುತ್ತಾರೆ, ಮೇಲಿನಿಂದ ದೇಶ ಸಾಗುತ್ತದೆ.

ಗ್ರಾಮ ಪಂಚಾಯತುಗಳ ನಿರ್ಣಯ ಪುಸ್ತಕ ತೆಗೆದರೆ ಇಂಥ ರಸ್ತೆಗೆ ಇಂಥ ಯೋಧರ ಹೆಸರು ಎಂದು ಸರ್ವಾನುಮತದ ನಿರ್ಣಯಗಳು ಸಿಕ್ಕುತ್ತವೆ. ರಸ್ತೆ ಸಿಕ್ಕುವುದು ಕಷ್ಟ. ಹೆಸರಿಟ್ಟ ಮೇಲೆ ಡಾಮರು ಹಾಕಬೇಕೆಂದು ಕಾನೂನಿಲ್ಲ. ಸೈನಿಕನ ಹೆಸರಿನ ರಸ್ತೆಯಲ್ಲಿ ಸೈನಿಕನ ತಾಯಿ ಮೀನಿನ ಬುಟ್ಟಿ ಹೊತ್ತು ಹೊಂಡ ತಪ್ಪಿಸಿ ನಡೆಯುತ್ತಿದ್ದರೆ ಅದನ್ನು ಒಂದು ರೀತಿಯ ಗಡಿ ಸೇವೆ ಎಂದು ಪರಿಗಣಿಸಬೇಕು.

ಇನ್ನು ವಾರ್ಷಿಕ ಸ್ಮರಣೆ. ನಮ್ಮ ಕರಾವಳಿಯಲ್ಲಿ ಸತ್ತವರನ್ನು ನೆನೆಯಲು ಎರಡೇ ಮಾರ್ಗ, ಒಂದು ತಿಥಿ, ಇನ್ನೊಂದು ಹೊನಲು ಬೆಳಕಿನ ಕ್ರಿಕೆಟ್ ಪಂದ್ಯಾಟ. ಮೊದಲನೆಯದಕ್ಕೆ ಭಟ್ಟರು ಸಾಕು. ಎರಡನೆಯದಕ್ಕೆ ಸಮಿತಿ ಬೇಕು. ಇಂಥ ಸಮಿತಿಯ ಪೂರ್ವಭಾವಿ ಸಭೆ ಹೇಗೆ ನಡೆಯುತ್ತದೆಂದು ಊಹಿಸಲು ನಮ್ಮ ಕಡೆಯವರಿಗೆ ಕಷ್ಟವಾಗದು. ಶಾಲೆಯ ಜಗುಲಿ, ಪ್ಲಾಸ್ಟಿಕ್ ಕುರ್ಚಿ, ಒಂದು ಥರ್ಮಾಸು ಚಾ. ಮೂಲೆಯಲ್ಲಿ ಒಬ್ಬರು ನಿವೃತ್ತ ಸುಬೇದಾರರು, ಅವರನ್ನು ಗೌರವ ಸಲಹೆಗಾರರೆಂದು ಕರೆದಿದ್ದಾರೆ.

‘ದಿನಾಂಕ ಎಂತ ಮಾಡುವ? ಅವ ತೀರ್ಕಂಡದ್ದ್ ವಾರದ ನಡೂಗ್ ಬತ್ತಲೆ.’

‘ವಾರದ ನಡೂಗ್ ಆಡೂಕ್ ಯಾರ್ ಬತ್ರ್? ಶನಿವಾರ ಮಾಡ್ವ.’

‘ಶನಿವಾರ ದೇವಸ್ಥಾನದಗೆ ಹರಕಿ ಆಟ ಇತ್ತಲೆ.’

‘ಹಂಗಾರೆ ಮುಂದಿನ ತಿಂಗ್ಳ್ ಹಾಕ್ವ. ಅವ್ನೇನ್ ಬೇಜಾರ್ ಮಾಡ್ಕಂತ್ನಾ?’

ಮೊದಲ ಬಹುಮಾನದ ನಗದು, ಶಾಶ್ವತ ಫಲಕ, ಉತ್ತಮ ಎಸೆತಗಾರನಿಗೆ ಕೊಡುವ ಮಿಕ್ಸಿ ಎಲ್ಲ ತೀರ್ಮಾನವಾಗುತ್ತದೆ. ಅಂಪೈರ್ ಹೊರಗಿನವರೇ ಬೇಕೆಂದು ಅರ್ಧ ಗಂಟೆ ಜಗಳವಾಗುತ್ತದೆ. ಆಗ ಸುಬೇದಾರರು ಕೆಮ್ಮಿ, ಹುಡುಗ ಯಾವ ಪಟಾಲಂ, ಎಲ್ಲಿ ಪೋಸ್ಟಿಂಗು, ಎಷ್ಟು ವರ್ಷ ಸರ್ವಿಸ್ ಎಂದು ನಾಲ್ಕು ಮಾತು ಬರೆದು ಓದಬಹುದಲ್ಲ ಎನ್ನುತ್ತಾರೆ.

‘ಅದೆಲ್ಲ ನಿರೂಪಕ್ರ್ ಕಾಣ್ಕಂತ್ರ್ ಸರ್. ಅವ್ರಿಗೆ ಎರಡ್ ನಿಮಿಷ ಕೊಟ್ಟಿತ್ತ್.’

ಕೊನೆಯ ವಿಷಯ ವೇದಿಕೆ.

‘ಮೇಲೆ ಎಷ್ಟ್ ಜನ ಆಯ್ತ್?’

‘ಇಪ್ಪತ್ಮೂರ್. ಪಂಚಾಯ್ತಿ ಕಡೆಯಿಂದ ಇನ್ನೂ ಇಬ್ರ್ ಬಪ್ಪುಕಿತ್ತ್.’

‘ಮಾಣಿ ಅಪ್ಪಯ್ಯನ್ನ ಎಲ್ಲ್ ಕೂರ್ಸುದ್?’

‘ಕೆಳ್ಗೆ ಮುಂದಿನ ಸಾಲಗೆ ಎರಡ್ ಕುರ್ಚಿ ಹಾಕ್ವ. ಸನ್ಮಾನದ ಹೊತ್ತಿಗೆ ಮೇಲ್ ಕರೀವ.’

‘ಅವ್ರಿಗೆ ಮೊಣಗಂಟ್ ನೋವು. ಮೆಟ್ಲ್ ಹತ್ತೂಕೆ ಆಪ್ದಿಲ್ಲ.’

‘ಅದಕ್ಕೆ ಎಂತ ಮಾಡೂದ್ ಮಾರಾಯ್ರೆ? ಶಾಸಕ್ರನ್ನ ಕೆಳ್ಗ್ ಇಳೀನಿ ಅಂದ್ ಹೇಳೂಕ್ ಆತ್ತಾ?’